ಮದುವೆ ವಿಡಿಯೋದಲ್ಲಿ ಎಲ್ಲರೂ ಸಣಕಲಾಗಿ ಕಾಣುತ್ತಿದ್ದಾರೆ, ಯಾವ ಸೆಟ್ಟಿಂಗ್ ಹಾಕಲಿ?

ಪ್ರಶ್ನೆ: ಅಕ್ಕನ ಮದುವೆ 2008ರಲ್ಲಿ ಆಯಿತು. ಆಗಿನ ಮಿನಿ ಡಿವಿ ಕ್ಯಾಸೆಟ್‌ಗಳನ್ನು ಈಗ ಕಂಪ್ಯೂಟರಿಗೆ ಇಳಿಸಿ ಎವಿಐ ಫೈಲ್ ಮಾಡಿಸಿದ್ದೇನೆ. ಪ್ರೀಮಿಯರ್ ಪ್ರೋದಲ್ಲಿ ಎಡಿಟ್ ಮಾಡುವಾಗ ಚಿತ್ರ ಅಗಲವಾಗಿ, ಸರಿಯಾಗಿಯೇ ಕಾಣುತ್ತದೆ. ಎಂಪಿ4 ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಎಲ್ಲರೂ ಉದ್ದಕ್ಕೆ, ಸಣಕಲಾಗಿ ಕಾಣುತ್ತಾರೆ. ಸೆಟ್ಟಿಂಗ್ ಬದಲಿಸಿದರೆ ಮೇಲೆ ಕೆಳಗೆ ತೆಳ್ಳಗಿನ ಕಪ್ಪು ಗೆರೆ ಬರುತ್ತದೆ. ಇನ್ನೊಂದು ಸಲ ಮಾಡಿ ಟಿವಿಗೆ ಹಾಕಿದರೆ ನಾಲ್ಕೂ ಕಡೆ ಕಪ್ಪು! ಮುಂದಿನ ತಿಂಗಳು ಅಪ್ಪನ ಭೀಮರಥ ಶಾಂತಿ. ಛತ್ರದ ಎಲ್‌ಇಡಿ ವಾಲ್ ಮೇಲೆ ಇದನ್ನು ತೋರಿಸಬೇಕು. ದಯವಿಟ್ಟು ದಾರಿ ಹೇಳಿ.

ಉತ್ತರ: ನೀವು ಬರೆದಿರುವುದು ಮೂರು ಬೇರೆ ಬೇರೆ ತೊಂದರೆ. ಆದರೆ ಸರಿ ಮಾಡುವ ಜಾಗ ಒಂದೇ, ಮತ್ತು ಅದು ಎಕ್ಸ್‌ಪೋರ್ಟ್ ವಿಂಡೋ ಅಲ್ಲ. ಕ್ಲಿಪ್ ಒಳಗೆ ಬರುವಾಗಲೇ ಅದರ ನಿಜವಾದ ಆಕಾರ ಏನೆಂದು ಸಾಫ್ಟ್‌ವೇರಿಗೆ ಹೇಳಬೇಕು. ಆಮೇಲೆ ಚೌಕ ಪಿಕ್ಸೆಲ್ (ಅಗಲ ಎತ್ತರ ಸಮನಾಗಿರುವ ಚುಕ್ಕೆ) ಇರುವ ಟೈಮ್‌ಲೈನ್‌ನಲ್ಲಿ ಕೆಲಸ ಮಾಡಿ, ಅದೇ ಅಳತೆಯಲ್ಲಿ ಹೊರಗೆ ತೆಗೆಯಬೇಕು. ಇಷ್ಟಾದರೆ ಎಕ್ಸ್‌ಪೋರ್ಟ್‌ನಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಉಳಿಯುವುದಿಲ್ಲ. ಹೆಚ್ಚಿನವರು ಇದನ್ನೇ ತಿರುವುಮುರುವು ಮಾಡುತ್ತಾರೆ. ಒಳಗೆ ತಪ್ಪು ಹಾಗೇ ಇರುತ್ತದೆ, ಹೊರಗೆ ಬಂದ ಫೈಲನ್ನು ಎಳೆದು ಹಿಗ್ಗಿಸಿ ಸರಿ ಮಾಡಲು ನೋಡುತ್ತಾರೆ.

ಮೊದಲು ನಿಮ್ಮ ಕ್ಯಾಸೆಟ್ ವಿಷಯ. ನಮ್ಮ ದೇಶಕ್ಕೆ 1982ರಲ್ಲಿ ಕಲರ್ ಟಿವಿ ಬಂದಾಗ ಆರಿಸಿಕೊಂಡದ್ದು ಪಾಲ್ ಪದ್ಧತಿ. ಹಾಗಾಗಿ ಇಲ್ಲಿ ಮದುವೆ ತೆಗೆದ ಡಿವಿ ಕ್ಯಾಮೆರಾಗಳೂ ಸಾಮಾನ್ಯವಾಗಿ ಪಾಲ್. ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 720 ಪಿಕ್ಸೆಲ್, ಮೇಲಿಂದ ಕೆಳಕ್ಕೆ 576, ಸೆಕೆಂಡಿಗೆ 25 ಫ್ರೇಮ್. ಮುಖ್ಯವಾದ ಮಾತು ಇಲ್ಲಿದೆ: ಹಳೆಯ 4:3 ಚಿತ್ರಕ್ಕೂ ಇದೇ 720 × 576, ಅಗಲವಾದ 16:9 ಚಿತ್ರಕ್ಕೂ ಇದೇ 720 × 576. ಅಗಲದ ಚಿತ್ರಕ್ಕೆ ಒಂದು ಪಿಕ್ಸೆಲ್ ಕೂಡ ಜಾಸ್ತಿ ಕೊಟ್ಟಿಲ್ಲ. ಕ್ಯಾಮೆರಾ ಅಗಲದ ಚಿತ್ರವನ್ನು ಪಕ್ಕದಿಂದ ಒತ್ತಿ ಅಷ್ಟೇ ಜಾಗಕ್ಕೆ ತುಂಬುತ್ತದೆ. ಜೊತೆಗೆ "ತೋರಿಸುವಾಗ ಅಗಲ ಮಾಡಿ" ಎಂದು ಒಂದು ಚೀಟಿ ಅಂಟಿಸಿದ ಹಾಗೆ, ಫೈಲಿನೊಳಗೆ ಗುರುತು ಹಾಕುತ್ತದೆ. ಆ ಗುರುತನ್ನು ಓದುವವರು ಸರಿಯಾಗಿ ತೋರಿಸುತ್ತಾರೆ. ಓದದವರ ಹತ್ತಿರ ನಿಮ್ಮ ಅಕ್ಕ, ಭಾವ, ಪುರೋಹಿತರು ಎಲ್ಲರೂ ಸಣಕಲು.

ನಿಮ್ಮ ಫೈಲಿನಲ್ಲಿ ಆಗಿರುವುದು ಇದೇ ಇರಬೇಕು. ಪ್ರೀಮಿಯರ್ ಆ ಗುರುತನ್ನು ಓದಿದೆ, ಅದಕ್ಕೇ ಎಡಿಟ್ ಮಾಡುವಾಗ ಸರಿ ಕಾಣುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ 'ಮ್ಯಾಚ್ ಸೋರ್ಸ್' ಎಂದು ಕೊಟ್ಟರೆ ಅದು ಮತ್ತೆ 720 × 576 ಫೈಲನ್ನೇ ಮಾಡಿ, ಪಿಕ್ಸೆಲ್ ಆಕಾರದ ಗುರುತನ್ನು ಎಂಪಿ4 ಒಳಗೆ ಬರೆಯುತ್ತದೆ. ಫೈಲ್ ತಪ್ಪೇನಲ್ಲ. ಆದರೆ ಪೆನ್‌ಡ್ರೈವ್ ಹಾಕಿದ ಟಿವಿ, ಮೊಬೈಲಿನ ಪ್ಲೇಯರ್, ಛತ್ರದ ಲ್ಯಾಪ್‌ಟಾಪ್ ಎಲ್ಲವೂ ಆ ಗುರುತನ್ನು ನೋಡುತ್ತವೆ ಎಂಬ ಭರವಸೆ ಇಲ್ಲ. ಹಾಗಾಗಿ ಗುರುತಿನ ಮೇಲೆ ನಿಂತ ಫೈಲನ್ನು ಯಾರ ಕೈಗೂ ಕೊಡಬೇಡಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ತಪ್ಪು ಯಾವ ಹಂತದಲ್ಲಿ ಆಗಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಅಳೆದರೆ ಗೊತ್ತಾಗುತ್ತದೆ. ನಿಮ್ಮ ವಿಡಿಯೋದಲ್ಲಿ ನೇರವಾಗಿ ಎದುರಿಗೆ ಕಾಣುವ ದುಂಡಗಿನ ವಸ್ತು ಹುಡುಕಿ. ಛತ್ರದ ಗೋಡೆ ಗಡಿಯಾರ ಒಳ್ಳೆಯದು. ಆರತಿ ತಟ್ಟೆ ಬೇಡ, ಅದು ಯಾವಾಗಲೂ ಓರೆಯಾಗಿ ಇರುತ್ತದೆ. ಗಡಿಯಾರ ಕಂಡ ಕಡೆ ವಿಡಿಯೋ ನಿಲ್ಲಿಸಿ, ಪರದೆಯ ಸ್ಕ್ರೀನ್‌ಶಾಟ್ ತೆಗೆದು ಪೇಂಟ್‌ನಲ್ಲಿ ತೆರೆಯಿರಿ. ಗಡಿಯಾರದ ಸುತ್ತ ಸರಿಯಾಗಿ ಒಂದು ಚೌಕಟ್ಟು ಎಳೆದರೆ ಕೆಳಗಡೆ ಅದರ ಅಗಲ, ಎತ್ತರ ಪಿಕ್ಸೆಲ್‌ನಲ್ಲಿ ಕಾಣುತ್ತದೆ. ಎತ್ತರವನ್ನು ಅಗಲದಿಂದ ಭಾಗಿಸಿ.

ಉತ್ತರ 1ರ ಆಸುಪಾಸು ಬಂದರೆ ಚಿತ್ರದ ಆಕಾರ ಸರಿಯಾಗಿದೆ. 1.46ರ ಹತ್ತಿರ ಬಂದರೆ, ಅಂದರೆ ಗಡಿಯಾರ 100 ಅಗಲ 146 ಎತ್ತರ ಇದ್ದರೆ, ಪ್ಲೇಯರ್ ಗುರುತನ್ನು ಓದದೆ ಪಿಕ್ಸೆಲ್‌ಗಳನ್ನು ಚೌಕ ಅಂದುಕೊಂಡಿದೆ. 1.33 ಬಂದರೆ ಕಥೆಯೇ ಬೇರೆ: ಗುರುತು ಇದೆ, ಆದರೆ ಅದು 4:3 ಎಂದು ಹೇಳುತ್ತಿದೆ. ಕ್ಯಾಪ್ಚರ್ ಮಾಡುವಾಗ ಇಲ್ಲವೇ ಎಕ್ಸ್‌ಪೋರ್ಟ್ ಪ್ರಿಸೆಟ್ ಆರಿಸುವಾಗ ಯಾರೋ ತಪ್ಪು ಗುಂಡಿ ಒತ್ತಿದ್ದಾರೆ. ಎಚ್‌ಡಿವಿ, ಅಂದರೆ ಹೈ ಡೆಫಿನಿಷನ್ ಡಿವಿ ಕ್ಯಾಮೆರಾದ ಚಿತ್ರವನ್ನು ಚೌಕ ಪಿಕ್ಸೆಲ್ ಎಂದು ತೋರಿಸಿದರೂ 1.33 ಬರುತ್ತದೆ. ಯಾಕೆಂದರೆ ಅದು ಅದೇ ಮಿನಿ ಡಿವಿ ಕ್ಯಾಸೆಟ್ ಮೇಲೆ 1440 × 1080 ಬರೆಯುತ್ತದೆ, ತೋರಿಸುವಾಗ 1920ಕ್ಕೆ ಹಿಗ್ಗಬೇಕು. 0.75 ಬಂದರೆ ಗಡಿಯಾರ ಅಡ್ಡಕ್ಕೆ ಊದಿಕೊಂಡಿದೆ, ಅಂದರೆ ನಿಜಕ್ಕೂ 4:3 ಆಗಿ ತೆಗೆದ ಚಿತ್ರವನ್ನು ಎಳೆದು 16:9 ಮಾಡಿದ್ದಾರೆ. ಮೀಡಿಯಾಇನ್‌ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದರೆ ಒಳಗಿನ ಗುರುತು ಏನು ಹೇಳುತ್ತದೆ ಎಂಬುದೂ ಕಾಣುತ್ತದೆ. ಗಡಿಯಾರದ ಅಳತೆ, ಮೀಡಿಯಾಇನ್‌ಫೋ ಎರಡನ್ನೂ ಪಕ್ಕಪಕ್ಕ ಇಟ್ಟರೆ ಊಹೆ ಮಾಡುವ ಅಗತ್ಯವೇ ಬೀಳುವುದಿಲ್ಲ.

ಒಂದು ಎಚ್ಚರಿಕೆ. ವಿಎಲ್‌ಸಿಯಲ್ಲಿ 'ಎ' ಕೀ ಒತ್ತಿದರೆ ಚಿತ್ರದ ಆಕಾರ ಬದಲಾಗುತ್ತಾ ಹೋಗುತ್ತದೆ. ಅದು ನೋಟಕ್ಕಷ್ಟೇ, ಫೈಲ್ ಬದಲಾಗುವುದಿಲ್ಲ. ಅಳೆಯುವ ಮೊದಲು ಆಸ್ಪೆಕ್ಟ್ ರೇಶಿಯೋ 'ಡಿಫಾಲ್ಟ್' ಮೇಲೆ ಇದೆಯಾ ನೋಡಿಕೊಳ್ಳಿ.

ಈಗ ಸರಿ ಮಾಡೋಣ. ಪ್ರೀಮಿಯರ್‌ನ ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಕ್ಯಾಸೆಟ್ಟಿನ ಎಲ್ಲ ಕ್ಲಿಪ್‌ಗಳನ್ನೂ ಒಟ್ಟಿಗೆ ಆರಿಸಿ. ರೈಟ್ ಕ್ಲಿಕ್ ಮಾಡಿ 'ಮಾಡಿಫೈ', ಅದರಲ್ಲಿ 'ಇಂಟರ್‌ಪ್ರೆಟ್ ಫುಟೇಜ್'. ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೋ ಅನ್ನುವ ಕಡೆ 'ಕನ್ಫಾರ್ಮ್ ಟು' ಆರಿಸಿ, ಪಟ್ಟಿಯಿಂದ ಡಿ1/ಡಿವಿ ಪಾಲ್ ವೈಡ್‌ಸ್ಕ್ರೀನ್ 16:9 ಹಾಕಿ. ಪಕ್ಕದಲ್ಲಿ 1.4587 ಎಂದು ಇರುತ್ತದೆ. ಅಲ್ಲೇ ಫೀಲ್ಡ್ ಆರ್ಡರ್ (ಫ್ರೇಮಿನ ಎರಡು ಅರ್ಧಗಳಲ್ಲಿ ಯಾವುದು ಮೊದಲು ಎಂಬುದು) 'ಲೋವರ್ ಫೀಲ್ಡ್ ಫಸ್ಟ್' ಇರಬೇಕು, ಡಿವಿ ಕ್ಯಾಸೆಟ್ಟಿನದ್ದು ಯಾವಾಗಲೂ ಅದೇ. ಎಚ್‌ಡಿವಿ ಆದರೆ ಅಪ್ಪರ್.

ಆಮೇಲೆ ಹೊಸ ಸೀಕ್ವೆನ್ಸ್ ಮಾಡಿ. ಕ್ಲಿಪ್ ಎಳೆದು ಹಾಕಿ ಅದರಿಂದಲೇ ಸೀಕ್ವೆನ್ಸ್ ಮಾಡಿಸಬೇಡಿ, ಹಾಗೆ ಮಾಡಿದರೆ ಮತ್ತೆ ಅದೇ 720 × 576 ಬರುತ್ತದೆ. ಎಡಿಟಿಂಗ್ ಮೋಡ್ 'ಕಸ್ಟಮ್', ಟೈಮ್‌ಬೇಸ್ 50, ಫ್ರೇಮ್ ಸೈಜ್ 1920 × 1080, ಪಿಕ್ಸೆಲ್ ಆಸ್ಪೆಕ್ಟ್ ರೇಶಿಯೋ 'ಸ್ಕ್ವೇರ್ ಪಿಕ್ಸೆಲ್ಸ್', ಫೀಲ್ಡ್ಸ್ 'ನೋ ಫೀಲ್ಡ್ಸ್'. ಕ್ಲಿಪ್‌ಗಳನ್ನು ಇದಕ್ಕೆ ಹಾಕಿ, ಎಫೆಕ್ಟ್ ಕಂಟ್ರೋಲ್ಸ್‌ನಲ್ಲಿ ಮೊದಲ ಕ್ಲಿಪ್‌ನ ಸ್ಕೇಲ್ 187.5 ಮಾಡಿ. ಅದನ್ನು ಕಾಪಿ ಮಾಡಿ ಉಳಿದ ಕ್ಲಿಪ್‌ಗಳಿಗೆಲ್ಲ ಪೇಸ್ಟ್ ಆಟ್ರಿಬ್ಯೂಟ್ಸ್ ಕೊಡಿ.

ಈ 187.5 ಎಲ್ಲಿಂದ ಬಂತು ಅಂದರೆ, 1080ನ್ನು 576ರಿಂದ ಭಾಗಿಸಿದರೆ 1.875. ಎತ್ತರ ಪೂರ್ತಿ ತುಂಬುವ ಅಳತೆ ಅದು. ಪ್ರೀಮಿಯರ್‌ಗೆ ಬಿಟ್ಟರೆ ಅದು ಅಗಲ ನೋಡಿಕೊಂಡು 183ರ ಹತ್ತಿರ ನಿಲ್ಲಿಸುತ್ತದೆ. ನಿಮ್ಮ ಎರಡನೇ ತೊಂದರೆ, ಅಂದರೆ ಮೇಲೆ ಕೆಳಗಿನ ತೆಳ್ಳಗಿನ ಕಪ್ಪು ಗೆರೆ, ಹುಟ್ಟುವುದು ಇಲ್ಲೇ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಇದನ್ನು ಸಾಫ್ಟ್‌ವೇರ್ ದೋಷ ಅಂದುಕೊಂಡು ದಿನಗಟ್ಟಲೆ ಒದ್ದಾಡುವವರು ತುಂಬಾ ಜನ ಇದ್ದಾರೆ.

ಹಳೆಯ ಟಿವಿ ಸಿಗ್ನಲ್ಲನ್ನು ಡಿಜಿಟಲ್ ಮಾಡುವ ಅಂತಾರಾಷ್ಟ್ರೀಯ ಮಾನದಂಡ 1982ರಲ್ಲಿ ಬಂತು. ಸೆಕೆಂಡಿಗೆ 1 ಕೋಟಿ 35 ಲಕ್ಷ ಸಲ ಸಿಗ್ನಲ್ಲನ್ನು ಅಳೆಯಬೇಕು ಎಂದು ಅದರಲ್ಲಿ ಗೊತ್ತುಮಾಡಿದರು. ಪಾಲ್‌ನಲ್ಲಿ ಒಂದು ಗೆರೆಯ ಚಿತ್ರ ಕಾಣುವ ಭಾಗ 52 ಮೈಕ್ರೋಸೆಕೆಂಡ್. ಇವೆರಡನ್ನೂ ಗುಣಿಸಿದರೆ 702. ಅಂದರೆ ನಿಜವಾದ ಚಿತ್ರ ಇರುವುದು 702 ಪಿಕ್ಸೆಲ್‌ನಲ್ಲಿ. ಉಳಿದ 18 ಪಿಕ್ಸೆಲ್ ಅಂಚಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೆ ಇರಲಿ ಎಂದು ಬಿಟ್ಟ ಜಾಗ. ಕೆಲವು ಕ್ಯಾಮೆರಾಗಳ ಚಿತ್ರದಲ್ಲಿ ಎಡಬಲ ಅಂಚಿನಲ್ಲಿ ಸಣ್ಣ ಕಪ್ಪು ಪಟ್ಟಿ ಕಾಣುವುದು ಇದಕ್ಕೇ. ಹಳೆಯ ಪ್ರೀಮಿಯರ್‌ಗಳು ಪೂರ್ತಿ 720 ಪಿಕ್ಸೆಲ್ಲೇ 16:9 ಎಂದು ಲೆಕ್ಕ ಹಾಕಿ ಪಿಕ್ಸೆಲ್ ಆಕಾರವನ್ನು 1.4222 ಎನ್ನುತ್ತಿದ್ದವು. 2008ರಲ್ಲಿ ಬಂದ ಸಿಎಸ್4 ಆವೃತ್ತಿಯಿಂದ ಪ್ರೀಮಿಯರ್ ತಯಾರಿಸುವ ಅಡೋಬಿಯವರು ಅದನ್ನು 1.4587 ಮಾಡಿದರು. ಇದು ಸರಿಯಾದ ಲೆಕ್ಕವೇ. ಆದರೆ ಈಗ 720 × 576 ಚಿತ್ರದ ಪೂರ್ತಿ ಅಗಲ 1050 ಆಗುತ್ತದೆ, 1024 ಅಲ್ಲ. 1050 × 576 ಚಿತ್ರ 16:9ಕ್ಕಿಂತ ಒಂದು ಚೂರು ಅಗಲ. ಅದನ್ನು 1280 × 720 ಫ್ರೇಮಿನಲ್ಲಿ ಪೂರ್ತಿ ಕೂರಿಸಿದರೆ ಎತ್ತರ 702 ಮಾತ್ರ ಆಗಿ, ಮೇಲೆ 9, ಕೆಳಗೆ 9 ಪಿಕ್ಸೆಲ್ ಖಾಲಿ. ನೀವು ನೋಡಿದ ಕಪ್ಪು ಗೆರೆ ಅದೇ.

ಎತ್ತರ ತುಂಬುವ ಹಾಗೆ 187.5 ಮಾಡಿದರೆ ಎಡಬಲದಲ್ಲಿ ಸ್ವಲ್ಪ ಹೊರಗೆ ಹೋಗುತ್ತದೆ. ಎಷ್ಟು? ಸರಿಸುಮಾರು ಮೂಲದ 18 ಪಿಕ್ಸೆಲ್. ಅಂದರೆ ಮೊದಲಿಂದಲೂ ಅಂಚಿಗೆಂದು ಬಿಟ್ಟಿದ್ದ ಜಾಗ ಮಾತ್ರ. ಚಿತ್ರದಲ್ಲಿ ಏನೂ ಕಳೆದುಕೊಂಡ ಹಾಗಾಗುವುದಿಲ್ಲ. ಈಗಾಗಲೇ ಹಳೆಯ ಸೀಕ್ವೆನ್ಸ್‌ನಲ್ಲಿ ಪೂರ್ತಿ ಎಡಿಟ್ ಮುಗಿಸಿದ್ದರೆ, ಮತ್ತೆ ಮಾಡಲು ಸಮಯ ಇಲ್ಲದಿದ್ದರೆ, ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಅಳತೆ 1920 × 1080, ಪಿಕ್ಸೆಲ್ ಚೌಕ ಎಂದು ಮಾಡಿ, ಸ್ಕೇಲಿಂಗ್ ಕಡೆ 'ಸ್ಕೇಲ್ ಟು ಫಿಲ್' ಆರಿಸಿದರೂ ಇದೇ ಫಲ ಬರುತ್ತದೆ. 'ಸ್ಟ್ರೆಚ್ ಟು ಫಿಲ್' ಮಾತ್ರ ಬೇಡ. ಇಲ್ಲಿ ಅದು ಮಾಡುವ ಹಾನಿ ಚಿಕ್ಕದು ನಿಜ. ಆದರೆ ಅಭ್ಯಾಸವಾದರೆ ಇನ್ನೊಂದು ಕಡೆ ಮುಖಗಳನ್ನೇ ಕೆಡಿಸುತ್ತದೆ. ಅದೇ ರೀತಿ ಎಫೆಕ್ಟ್ ಕಂಟ್ರೋಲ್ಸ್‌ನಲ್ಲಿ 'ಯೂನಿಫಾರ್ಮ್ ಸ್ಕೇಲ್' ಟಿಕ್ ತೆಗೆದು ಅಗಲವನ್ನು ಕೈಯಿಂದ ಎಳೆಯುವ ಕೆಲಸಕ್ಕೂ ಹೋಗಬೇಡಿ.

ಟೈಮ್‌ಬೇಸ್ 50 ಯಾಕೆ ಎಂದೂ ಹೇಳಿಬಿಡುತ್ತೇನೆ. ಡಿವಿಯಲ್ಲಿ ಪ್ರತಿ ಫ್ರೇಮೂ ಎರಡು ಅರ್ಧಗಳು ಸೇರಿ ಆಗಿರುತ್ತದೆ, ಒಂದಾದ ಮೇಲೆ ಒಂದು ಗೆರೆ ಬಿಟ್ಟು ತೆಗೆದದ್ದು. ಆ ಅರ್ಧಗಳು ಸೆಕೆಂಡಿಗೆ 50. ಅವನ್ನು ಬಿಡಿಸದೆ ಚಿತ್ರವನ್ನು ದೊಡ್ಡದು ಮಾಡಿದರೆ, ಅಕ್ಷತೆ ಎರಚುವ ಕೈ, ಓಡಾಡುವ ಮಕ್ಕಳು, ಎಲ್ಲದರ ಅಂಚಿನಲ್ಲೂ ಬಾಚಣಿಗೆ ಹಲ್ಲಿನಂಥ ಗೆರೆ ಎದ್ದು, ಹಿಗ್ಗಿಸಿದ ಮೇಲೆ ಇನ್ನೂ ಅಸಹ್ಯವಾಗುತ್ತದೆ. 50ರಲ್ಲಿ ಇಟ್ಟು ಬಿಡಿಸಿದರೆ ಓಡಾಟ ಕ್ಯಾಸೆಟ್ಟಿನಲ್ಲಿ ಇದ್ದಷ್ಟೇ ನಯವಾಗಿ ಉಳಿಯುತ್ತದೆ. ಪ್ರೀಮಿಯರ್ ಬಿಡಿಸುವ ಗುಣಮಟ್ಟ ನಿಮಗೆ ಸಮಾಧಾನ ಕೊಡದಿದ್ದರೆ ಎಡಿಟ್ ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ ಡಿಇಂಟರ್‌ಲೇಸ್ 'ಬಾಬ್' ಪ್ರಿಸೆಟ್ ಕೊಟ್ಟು ತೆಗೆಯಿರಿ. ಆಗ ಬರುವ ಫೈಲಿನ ಪಿಕ್ಸೆಲ್ ಆಕಾರವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

720 × 576 ಚಿತ್ರವನ್ನು 1920 × 1080ಕ್ಕೆ ಹಿಗ್ಗಿಸಿದರೆ ಮುಖಗಳೇನೂ ಹೆಚ್ಚು ಸ್ಪಷ್ಟವಾಗುವುದಿಲ್ಲ, ಅದು ನಿಜ. ಆದರೂ ದೊಡ್ಡ ಟೈಮ್‌ಲೈನ್ ಹೇಳುವುದಕ್ಕೆ ಕಾರಣ ನಿಮ್ಮ ಟೈಟಲ್‌ಗಳು. 576 ಗೆರೆಗಳಲ್ಲಿ ಕನ್ನಡ ಅಕ್ಷರ ಕೂರಿಸಿ ನೋಡಿ. "ಶ್ರೀಮತಿ", "ಜ್ಯೇಷ್ಠ ಪುತ್ರಿ", "ಆಮಂತ್ರಣ" ಇಂಥ ಪದಗಳಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ, ಕೊಂಬು ದೀರ್ಘಗಳ ಸಣ್ಣ ಬಾಲ ಮಾಯವಾಗುತ್ತದೆ. ಇಂಗ್ಲಿಷ್ ಅಕ್ಷರ ತಡೆದುಕೊಳ್ಳುವಷ್ಟು ನಮ್ಮ ಲಿಪಿ ತಡೆಯುವುದಿಲ್ಲ. ಚೌಕ ಪಿಕ್ಸೆಲ್ ಇರುವ 1080 ಟೈಮ್‌ಲೈನ್‌ನಲ್ಲಿ ಬರೆದರೆ ಹಳೆಯ ಚಿತ್ರದ ಮೇಲೂ ಅಕ್ಷರ ಗರಿಗರಿಯಾಗಿ ನಿಲ್ಲುತ್ತದೆ, ಅಡ್ಡಕ್ಕೆ ಉಬ್ಬುವುದೂ ಇಲ್ಲ. ಹಳೆಯ ಫೋಟೋಗಳನ್ನು ಮಧ್ಯೆ ಸೇರಿಸುವುದಾದರೆ ಅವೂ ಚೌಕ ಪಿಕ್ಸೆಲ್ಲಿನವೇ, ಹಾಗೇ ಹಾಕಿ. ಆದರೆ ಯಾವುದಾದರೂ ಫೋಟೋವನ್ನು ಮುಂಚೆಯೇ 720 × 576 ಅಳತೆಗೆ ಕತ್ತರಿಸಿದ್ದರೆ ಪ್ರೀಮಿಯರ್ ಅದನ್ನು ಡಿವಿ ಎಂದೇ ತಿಳಿಯಬಹುದು. ಅಂಥದ್ದಕ್ಕೆ ಇಂಟರ್‌ಪ್ರೆಟ್ ಫುಟೇಜ್‌ನಲ್ಲಿ 'ಸ್ಕ್ವೇರ್' ಕೊಡಿ.

ಎಕ್ಸ್‌ಪೋರ್ಟ್ ಈಗ ಸುಲಭ. ಎಚ್.264, ಸೀಕ್ವೆನ್ಸ್ ಇದ್ದ ಹಾಗೇ 1920 × 1080, 50 ಫ್ರೇಮ್, ಪ್ರೋಗ್ರೆಸಿವ್, ಚೌಕ ಪಿಕ್ಸೆಲ್. ಹಳೆಯ ಡಿವಿ ಚಿತ್ರಕ್ಕೆ ಬಿಟ್‌ರೇಟ್ 12ರಿಂದ 15 ಎಂಬಿಪಿಎಸ್ ಸಾಕು. ಇದೇ ಫೈಲನ್ನು ಯೂಟ್ಯೂಬ್‌ಗೂ ಹಾಕಬಹುದು.

ಇನ್ನು ನಾಲ್ಕೂ ಕಡೆ ಕಪ್ಪು. ಇದರಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿವೆ. ಅಗಲದ ಸೀಕ್ವೆನ್ಸನ್ನು 4:3 ಪ್ರಿಸೆಟ್‌ಗೆ ಎಕ್ಸ್‌ಪೋರ್ಟ್ ಮಾಡಿದಿರಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಚಿತ್ರದ ಭಾಗವೇ ಆಗಿಹೋಯಿತು. ಆ 4:3 ಫೈಲನ್ನು ಟಿವಿ ತನ್ನ 16:9 ಪರದೆಯಲ್ಲಿ ತೋರಿಸುವಾಗ ಎಡಬಲಕ್ಕೆ ಇನ್ನೆರಡು ಪಟ್ಟಿ ಸೇರಿಸಿತು. ಗಡಿಯಾರ ಅಳೆದರೆ ದುಂಡಗೇ ಇರುತ್ತದೆ, ಅದು ಇದರ ಗುರುತು. ಮೂಲ ಫೈಲ್ ನಿಮ್ಮ ಹತ್ತಿರ ಇರುವುದರಿಂದ ಮೇಲೆ ಹೇಳಿದ ಹಾಗೆ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಮುಗಿಯಿತು. ಮೂಲ ಕಳೆದುಹೋಗಿ, ಆಗ ಕೊಟ್ಟ ಡಿವಿಡಿ ಮಾತ್ರ ಉಳಿದಿದ್ದು ಅದರಲ್ಲೇ ಪಟ್ಟಿ ಇದ್ದರೆ, ಮೇಲಿಂದ 72, ಕೆಳಗಿಂದ 72 ಗೆರೆ ಕತ್ತರಿಸಿ. ಉಳಿದ 432 ಗೆರೆಗಳೇ ಚಿತ್ರ. ಕ್ಲಿಪ್ಪನ್ನು 4:3 ಪಾಲ್ ಎಂದೇ ಇಂಟರ್‌ಪ್ರೆಟ್ ಮಾಡಿ ದೊಡ್ಡದು ಮಾಡಿ, ವೈಡ್‌ಸ್ಕ್ರೀನ್ ಎಂದಲ್ಲ. ಮದುವೆ ಡಿವಿಡಿಗಳಲ್ಲಿ ಇನ್ನೊಂದು ಬಗೆಯೂ ಸಿಗುತ್ತದೆ. ಚಿತ್ರ ಪೂರ್ತಿ ಇದೆ, ಗುರುತು ಮಾತ್ರ 4:3 ಎಂದು ತಪ್ಪಾಗಿದೆ. ಅದಕ್ಕೆ ಮತ್ತೆ ಎನ್‌ಕೋಡ್ ಮಾಡುವುದೇ ಬೇಡ. ಡಿವಿಡಿಯಿಂದ ಎಂಕೆವಿ ಮಾಡಿಕೊಂಡು ಎಂಕೆವಿಟೂಲ್‌ನಿಕ್ಸ್‌ನ ಹೆಡರ್ ಎಡಿಟರ್‌ನಲ್ಲಿ ಡಿಸ್‌ಪ್ಲೇ ಅಗಲ 1024, ಎತ್ತರ 576 ಎಂದು ಬರೆದರೆ ಸಾಕು.

ಪ್ರೀಮಿಯರ್ ಇಲ್ಲದವರಿಗೆ: ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ 16:9 ಅನಾಮಾರ್ಫಿಕ್ ಆರಿಸಿ, ಪ್ರಾಜೆಕ್ಟಿನ ಇಮೇಜ್ ಸ್ಕೇಲಿಂಗ್‌ನಲ್ಲಿ 'ಸ್ಕೇಲ್ ಫುಲ್ ಫ್ರೇಮ್ ವಿತ್ ಕ್ರಾಪ್' ಕೊಡಿ. ಶಾಟ್‌ಕಟ್‌ನಲ್ಲಿ ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲೇ ಆಸ್ಪೆಕ್ಟ್ ರೇಶಿಯೋ 16:9 ಎಂದು ಬದಲಿಸಬಹುದು. ಅಮೆರಿಕದಲ್ಲಿರುವ ನೆಂಟರು ಅಲ್ಲಿ ತೆಗೆದ ಕ್ಯಾಸೆಟ್ ಕಳಿಸಿದ್ದರೆ ಅದು ಎನ್‌ಟಿಎಸ್‌ಸಿ, ಅಂದರೆ ಅಲ್ಲಿನ ಟಿವಿ ಪದ್ಧತಿಯದ್ದು: 720 × 480, ಸೆಕೆಂಡಿಗೆ 29.97 ಫ್ರೇಮ್, ವೈಡ್‌ಸ್ಕ್ರೀನ್ ಪಿಕ್ಸೆಲ್ 1.2121, ಸ್ಕೇಲ್ 225. ಅದಕ್ಕೆ ಪಾಲ್ ಲೆಕ್ಕ ಹಾಕಿದರೆ ಆಕಾರ ಕೆಡುತ್ತದೆ.

ಕೊನೆಗೆ ಎಲ್‌ಇಡಿ ವಾಲ್. ಇಲ್ಲಿಯವರೆಗೆ ಎಲ್ಲ ಸರಿ ಮಾಡಿದ್ದರೂ ಛತ್ರದಲ್ಲಿ ಮತ್ತೆ ಸಣಕಲಾಗುವ ಅಪಾಯ ಇದೆ. ಎಲ್‌ಇಡಿ ವಾಲ್ ಟಿವಿಯಲ್ಲ, ಅದು 16:9 ಇರಬೇಕೆಂದು ಯಾವ ನಿಯಮವೂ ಇಲ್ಲ. ಚೌಕ ಕ್ಯಾಬಿನೆಟ್‌ಗಳನ್ನು ಜೋಡಿಸಿ ಗೋಡೆ ಕಟ್ಟುತ್ತಾರೆ. ವೇದಿಕೆಯಲ್ಲಿ ಎಷ್ಟು ಜಾಗ ಇದೆಯೋ ಅದರ ಮೇಲೆ ಆಕಾರ. ಉದಾಹರಣೆಗೆ ಪಿ3.91 ಅನ್ನುವ ಬಗೆಯಲ್ಲಿ ಅರ್ಧ ಮೀಟರಿನ ಒಂದು ಕ್ಯಾಬಿನೆಟ್‌ಗೆ 128 × 128 ಪಿಕ್ಸೆಲ್. ಅಡ್ಡಕ್ಕೆ 7, ಎತ್ತರಕ್ಕೆ 5 ಜೋಡಿಸಿದರೆ ಹೆಚ್ಚುಕಮ್ಮಿ ಹನ್ನೆರಡು ಅಡಿಗೆ ಎಂಟು ಅಡಿ, ಪಿಕ್ಸೆಲ್ 896 × 640. ಅಗಲ ಎತ್ತರಕ್ಕಿಂತ 1.4 ಪಟ್ಟು ಅಷ್ಟೇ. ಆಪರೇಟರ್ ನಿಮ್ಮ 16:9 ವಿಡಿಯೋವನ್ನು ಗೋಡೆ ತುಂಬಾ ಹರಡಿದರೆ ಜನ ಕಾಲು ಭಾಗಕ್ಕಿಂತ ಜಾಸ್ತಿ ಉದ್ದವಾಗುತ್ತಾರೆ. ಖಾಲಿ ಜಾಗ ಬಿಟ್ಟರೆ ಬಾಡಿಗೆ ಕೊಟ್ಟವರು ಕೇಳುತ್ತಾರೆ ಎಂದು ಅವರೂ ತುಂಬಿಸಿಯೇ ತುಂಬಿಸುತ್ತಾರೆ.

ಅದಕ್ಕೆ ಈಗಲೇ ಫೋನ್ ಮಾಡಿ ಎರಡು ವಿಷಯ ಕೇಳಿ: ಗೋಡೆಯ ಒಟ್ಟು ಪಿಕ್ಸೆಲ್ ಅಳತೆ ಎಷ್ಟು, ಮತ್ತು ಲ್ಯಾಪ್‌ಟಾಪಿನ ಚಿತ್ರವನ್ನು ಪ್ರೊಸೆಸರ್‌ನಲ್ಲಿ ಹಿಗ್ಗಿಸುತ್ತೀರೋ ಅಥವಾ ಪಿಕ್ಸೆಲ್‌ಗೆ ಪಿಕ್ಸೆಲ್ ಕೊಡುತ್ತೀರೋ. ಅಡಿ ಲೆಕ್ಕ ಹೇಳಿದರೆ ಸಾಲದು, ಪಿಕ್ಸೆಲ್ ಬೇಕು. ಪಿಕ್ಸೆಲ್‌ಗೆ ಪಿಕ್ಸೆಲ್ ಕೊಡುತ್ತಾರೆ ಅಂದರೆ ಅವರ ಅಳತೆಗೇ ಇನ್ನೊಂದು ಸೀಕ್ವೆನ್ಸ್ ಮಾಡಿ. 896 × 640 ಆದರೆ ನಿಮ್ಮ ವಿಡಿಯೋ ಅದರಲ್ಲಿ 896 × 504 ಆಗಿ ಕೂರುತ್ತದೆ, 136 ಪಿಕ್ಸೆಲ್ ಮಿಗುತ್ತದೆ. ಅದನ್ನು ಕಪ್ಪಾಗಿ ಬಿಡಬೇಡಿ. ಚಿತ್ರವನ್ನು ಮೇಲಕ್ಕೆ ಸರಿಸಿ, ಕೆಳಗಿನ ಜಾಗಕ್ಕೆ ಕುಂಕುಮದ ಬಣ್ಣ ತುಂಬಿ, ಅಲ್ಲಿ ಕಾಣುತ್ತಿರುವವರ ಹೆಸರು, ಊರು, ವರ್ಷ ಬರೆಯಿರಿ. 2008ರಲ್ಲಿ ಇದ್ದ ಎಷ್ಟೋ ಹಿರಿಯರು ಈಗ ಇರಲಿಕ್ಕಿಲ್ಲ. ಸೊಸೆಯಂದಿರಿಗೆ, ಮೊಮ್ಮಕ್ಕಳಿಗೆ ಅವರು ಯಾರೆಂದು ಗೊತ್ತಾಗಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಮುಖದ ಮೇಲೆ ಅಕ್ಷರ ಬೀಳುವುದೂ ತಪ್ಪುತ್ತದೆ.

ಹಿಗ್ಗಿಸಿಯೇ ತೋರಿಸುತ್ತಾರೆ ಅಂದರೆ, ಮೇಲೆ ಕೆಳಗೆ ಜಾಗ ಬಿಟ್ಟು ಸರಿಯಾದ ಆಕಾರದಲ್ಲಿ ಇಡಲು ಮೊದಲೇ ಹೇಳಿ ಒಪ್ಪಿಸಿ. ಬಾಯಿಮಾತಿನಲ್ಲಿ ಬಿಡಬೇಡಿ. 1920 × 1080 ಅಳತೆಯ ಒಂದು ಕಪ್ಪು ಚಿತ್ರದ ನಡುವೆ 1000 × 1000 ಪಿಕ್ಸೆಲ್ಲಿನ ಬಿಳಿ ವೃತ್ತ ಬರೆದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಗೋಡೆ ಕಟ್ಟಿ ಮುಗಿಸಿದ ತಕ್ಷಣ, ನೆಂಟರು ಬರುವ ಮೊದಲು, ಅದನ್ನು ಹಾಕಿಸಿ ಟೇಪಿನಲ್ಲಿ ಅಡ್ಡ ಒಂದು ಸಲ, ಉದ್ದ ಒಂದು ಸಲ ಅಳೆಯಿರಿ. ಎರಡೂ ಒಂದೇ ಬರುವವರೆಗೆ ಆಪರೇಟರ್ ಪಕ್ಕದಲ್ಲೇ ಇರಿ. ಪೆನ್‌ಡ್ರೈವ್‌ನಲ್ಲಿ ಫೈಲ್ 4 ಜಿಬಿ ದಾಟಿದರೆ ಎಫ್‌ಎಟಿ32 ಫಾರ್ಮ್ಯಾಟ್ ತೆಗೆದುಕೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಂಡು ಹೋಗಿ.